ಮೋಲ್ಡ್ ಹಾಕಿದ ವರ್ಷ

ಮೊನ್ನೆ ಒಂದು ಮದುವೆಗೆಂದು ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಟಿದ್ದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕದ ಸೀಟು ಹಿಡಿದು ತೂಕಡಿಸುತ್ತಿದ್ದೆ. ಶಿಡ್ಲಘಟ್ಟ ಹತ್ತಿರವಾಗುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನ ವಾಸನೆ. ನೂಲು ಬಿಚ್ಚಿಕೊಂಡ ಮೇಲೆ ಉಳಿಯುವ ಹುಳು ರಾಶಿ ಬಿದ್ದು ಬಿಸಿಲಿಗೆ ಒಣಗುವಾಗ ಬರುವ, ಹೊಸಬರಿಗೆ ಹೊಟ್ಟೆ ತೊಳಸುವಂಥ ವಾಸನೆ. ಮುಂದಿನ ಸೀಟಿನಲ್ಲಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ಒಂದು ಕಾಲದಲ್ಲಿ ಅದೇ ವಾಸನೆಯ ನಡುವೆ ಬೆಳಗಿನಿಂದ ಸಂಜೆಯವರೆಗೆ ಇದ್ದು, ಅದೇ ಗಾಳಿಯಲ್ಲಿ ಊಟ ಮಾಡಿ, ಟೀ ಕುಡಿದು, ನಕ್ಕು, ಒಂದೆರಡು ಸಲ ಅತ್ತೂ ಇದ್ದೇನೆ.

ಆಗ ನನ್ನ ಓದು ಮುಗಿದಿತ್ತು. ಇಂಗ್ಲಿಷ್ ಎಂ.ಎ., ಮೇಲೆ ಬಿ.ಎಡ್. ಶಿಕ್ಷಕರ ನೇಮಕಾತಿಯ ಪರೀಕ್ಷೆ ಬರೆದು, ಚಿಂತಾಮಣಿಯ ನಮ್ಮ ಮನೆಯಲ್ಲಿ ಕೆಲಸಕ್ಕಾಗಿ ಕಾಯುತ್ತ ಕೂತಿದ್ದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಒಂದು ದಿನ ಸುದ್ದಿ ತಂದರು. ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆಯೊಂದು ಶಿಡ್ಲಘಟ್ಟಕ್ಕೆ ಬಂದಿದೆ, ಹೊರದೇಶದವರು ಬಂದು ಕೆಲಸ ಮಾಡುತ್ತಾರೆ, ಅವರಿಗೂ ಇಲ್ಲಿಯವರಿಗೂ ನಡುವೆ ಮಾತು ದಾಟಿಸಲು ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಬಲ್ಲವರು ಬೇಕು.

"ಏನು ಕೆಲಸ ಮಾಡ್ತಾರಂತೆ?" ಅಮ್ಮ ಕೇಳಿದರು.

"ಕಲ್ಲು ಹೊರ್ತಾರಂತೆ. ಗಾರೆ ಕಲಸ್ತಾರಂತೆ. ತಮ್ಮ ಕೈಯಿಂದ ದುಡ್ಡು ಹಾಕಿ ವಿಮಾನ ಹತ್ತಿ ಬಂದು ಕೂಲಿ ಮಾಡ್ತಾರಂತೆ." ಅಪ್ಪನಿಗೇ ಅದು ನಂಬಿಕೆಯಾಗಿರಲಿಲ್ಲ. "ತಲೆಗಿಲೆ ಕೆಟ್ಟಿದೆಯೋ ಏನೋ. ನೀನೇ ಹೋಗಿ ನೋಡ್ಕೊಂಡು ಬಾಮ್ಮ ವಸಂತಾ. ಇಂಗ್ಲಿಷಾದ್ರೂ ನಾಲಿಗೆ ಮೇಲೆ ಸ್ವಲ್ಪ ಹರಿಯುತ್ತೆ."

ಹೀಗೆ ನಾನು ಹೋದೆ. ಆಗ ದೀಪಾವಳಿ ಮುಗಿದು ಬೆಳಗಿನ ಹೊತ್ತು ಚಳಿ ಶುರುವಾಗಿತ್ತು.

ಊರಿನ ಅಂಚಿನಲ್ಲಿ, ಕೆರೆ ದಾಟಿದ ಮೇಲೆ, ಬಂಡೆಗಳು ತಲೆ ಎತ್ತಿದ ಒಂದು ಇಳಿಜಾರು. ಅಲ್ಲಿ ಫಿಲೇಚರ್‌ನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಡೆ, ಕೂಲಿಗೆ ಹೋಗುವವರ ಶೀಟಿನ ಮನೆಗಳಿದ್ದವು. ಸೈಟುಗಳು ಅವರ ಹೆಸರಿಗೆ ಆಗಿದ್ದವು, ಆದರೆ ಅದರ ಮೇಲೆ ನಾಲ್ಕು ಗೋಡೆ ಎಬ್ಬಿಸುವ ಶಕ್ತಿ ಯಾರಿಗೂ ಇರಲಿಲ್ಲ. ಆ ಸಲ ಸಂಸ್ಥೆಯವರು ಎರಡು ಮನೆ ಕಟ್ಟುವುದೆಂದು ಹೊರಟಿದ್ದರು. ಒಂದು ಮುನಿಲಕ್ಷ್ಮಮ್ಮನವರದು. ಪಕ್ಕದ್ದು ಶಬಾನಾಳದು.

ಮುನಿಲಕ್ಷ್ಮಮ್ಮನವರಿಗೆ ಆಗ ನಲವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ಭವ್ಯ, ಹತ್ತನೇ ಕ್ಲಾಸು. ಬೆಳಕು ಹರಿಯುವ ಮೊದಲೇ ಫಿಲೇಚರ್‌ಗೆ ಹೋಗಿ, ಬಿಸಿನೀರಿನ ಬಾನಿಯ ಮುಂದೆ ಕೂತು, ಬೆಂದ ಗೂಡಿನಿಂದ ಎಳೆ ಹುಡುಕಿ ಹುಡುಕಿ ಅವರ ಬೆರಳುಗಳ ತುದಿ ಬೆಳ್ಳಗೆ ಊದಿಕೊಂಡಿರುತ್ತಿದ್ದವು. ಶಬಾನಾ ಚಿಕ್ಕ ಹುಡುಗಿ, ಇಪ್ಪತ್ತು ದಾಟಿದ್ದಳೋ ಇಲ್ಲವೋ. ಅದೇ ಫಿಲೇಚರ್‌ನಲ್ಲಿ ಕೆಲಸ ಮಾಡುತ್ತಿದ್ದವಳು ಬಸುರಾದ ಮೇಲೆ ಬಿಟ್ಟಿದ್ದಳು. ಅವಳ ಗಂಡ ಲಗೇಜ್ ಆಟೋದಲ್ಲಿ ಮಾರುಕಟ್ಟೆಯಿಂದ ಗೂಡು ಸಾಗಿಸುತ್ತಿದ್ದ.

ಸಂಸ್ಥೆಯ ನಿಯಮ ಒಂದಿತ್ತು: ಮನೆ ಯಾರದೋ ಅವರೂ ಕೈಹಚ್ಚಬೇಕು. ಮುನಿಲಕ್ಷ್ಮಮ್ಮ ಮಧ್ಯಾಹ್ನ ಫಿಲೇಚರ್‌ನಿಂದ ನೇರ ಕೆಲಸದ ಜಾಗಕ್ಕೆ ಬಂದು, ಸೀರೆಯ ಮೇಲೆ ಗಂಡನ ಹಳೇ ಶರ್ಟು ಹಾಕಿಕೊಂಡು ಗಾರೆ ಹೊರುವ ಬಾಂಡ್ಲಿ ಹಿಡಿಯುತ್ತಿದ್ದರು.

ಬಂದವರೆಲ್ಲ ನ್ಯೂಜಿಲೆಂಡಿನವರು. ಕಾಲೇಜು ಹುಡುಗರು, ಒಂದಿಬ್ಬರು ಮೇಷ್ಟ್ರುಗಳು, ಒಬ್ಬ ಬಡಗಿ. ಅವರ ಜೊತೆ ರೂತ್. ಅರವತ್ತು ದಾಟಿದ ಹೆಂಗಸು, ಕತ್ತರಿಸಿದ ನರೆಗೂದಲು, ನಮ್ಮ ಬಿಸಿಲಿಗೆ ಮೊದಲ ದಿನವೇ ಟೊಮ್ಯಾಟೊ ಹಣ್ಣಿನಂತಾದ ಮುಖ. ಕೆಲಸದ ಮೇಸ್ತ್ರಿ ಆಂಜಿನಪ್ಪ, ರೂತ್ ಅವರನ್ನು ನೋಡಿದವರೇ ನನ್ನನ್ನು ಪಕ್ಕಕ್ಕೆ ಕರೆದರು.

"ಆಯಮ್ಮನ್ನ ನೆರಳಲ್ಲಿ ಕೂರ್ಸು ತಾಯಿ. ಕಲ್ಲಿನ ಕೆಲಸ ಇದು. ಬಿದ್ದುಗಿದ್ದು ಹೋದ್ರೆ ಯಾರು ಜವಾಬ್ದಾರಿ?"

ಏನಂದರು ಅಂತ ರೂತ್ ಕೇಳಿದರು. ಬಿಸಿಲು ಜಾಸ್ತಿಯಂತೆ ಎಂದೆ. ರೂತ್ ಮೇಸ್ತ್ರಿಯ ಮುಖ ನೋಡಿ, ನಾನು ಹೇಳದೇ ಬಿಟ್ಟದ್ದನ್ನೂ ತಿಳಿದುಕೊಂಡವರಂತೆ ನಕ್ಕು, ಜಲ್ಲಿ ತುಂಬಿದ ಬಾಂಡ್ಲಿ ಎತ್ತಿ ಸೊಂಟಕ್ಕೆ ಆನಿಸಿಕೊಂಡು ನಡೆದೇಬಿಟ್ಟರು. ಹುಡುಗರು ಮೊದಲರ್ಧ ಗಂಟೆ ಓಡಾಡಿ ಸುಸ್ತಾಗಿ ಕೂತರು. ರೂತ್ ಒಂದೇ ಹದದಲ್ಲಿ, ಎಲ್ಲಿಯೂ ಅವಸರ ಮಾಡದೆ, ಊಟದ ಹೊತ್ತಿನವರೆಗೂ ಹೊತ್ತರು. ಆಂಜಿನಪ್ಪ ಮತ್ತೆ ಆ ಮಾತು ಎತ್ತಲಿಲ್ಲ. ಮಾರನೇ ದಿನ ತಮ್ಮ ತಲೆಗೆ ಸುತ್ತುವಂಥದೇ ಒಂದು ಟವೆಲ್ಲು ತಂದು, "ಆಯಮ್ಮಂಗೆ ಕೊಡು" ಅಂದರು.

ಅಲ್ಲಿಯ ಹೆಂಗಸರಿಗೆ ರೂತ್ ಬಗ್ಗೆ ತಿಳಿದುಕೊಳ್ಳಲು ಬಲು ಆಸೆ. ಗಂಡ ಇದ್ದಾನಾ, ಮಕ್ಕಳೆಷ್ಟು, ಬೆಳಗ್ಗೆ ಏನು ತಿಂತಾಳೆ. ಎಲ್ಲ ನನ್ನ ಮೂಲಕವೇ ಹೋಗಿ ಬರಬೇಕು. ಊರಲ್ಲಿ ಏನು ಕೆಲಸ ಮಾಡ್ತಿದ್ಲು ಅಂತ ಮುನಿಲಕ್ಷ್ಮಮ್ಮ ಕೇಳಿದಾಗ, ಬಸ್ ಓಡಿಸುತ್ತಿದ್ದೆ ಎಂಬ ಉತ್ತರ ಬಂತು.

"ಬಸ್ಸಾ? ಯಾವ್ ಬಸ್ಸು? ನಮ್ ಗೌರ್ಮೆಂಟ್ ಬಸ್ಸಿನಂಥಾದಾ?"

ರೂತ್ ಎರಡೂ ಕೈ ಅಗಲಿಸಿ ದೊಡ್ಡ ಸ್ಟೀರಿಂಗ್ ತಿರುಗಿಸಿ ತೋರಿಸಿದರು. ಹೆಂಗಸರೆಲ್ಲ ಹೋ ಎಂದು ನಕ್ಕರು. ಅವತ್ತಿನಿಂದ ಅವರು ಎಲ್ಲರಿಗೂ ರೂತಮ್ಮ. ಎದುರಾದವರು ಸ್ಟೀರಿಂಗ್ ತಿರುಗಿಸಿ ತೋರಿಸುವುದೇ ನಮಸ್ಕಾರವಾಯಿತು.

ಪಾಯ ತುಂಬಿ, ಬ್ಲಾಕಿನ ಗೋಡೆ ಮೊಣಕಾಲಿನವರೆಗೆ ಬಂದ ದಿನಗಳಲ್ಲಿ, ಟೀ ಕುಡಿಯುವಾಗ ಮುನಿಲಕ್ಷ್ಮಮ್ಮ ನನ್ನ ಕಡೆ ತಿರುಗಿದರು.

"ಒಂದು ಮಾತು ಕೇಳಮ್ಮ ರೂತಮ್ಮನ್ನ. ಅವರ ದೇಶದಲ್ಲಿ ಮನೆ ಇಲ್ದಿರೋರು ಯಾರೂ ಇಲ್ವಾ? ಇಷ್ಟು ದೂರ ಯಾಕೆ ಬಂದ್ಲು?"

ಆ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು, ಕೇಳುವ ಧೈರ್ಯವಿರಲಿಲ್ಲ. ಮುನಿಲಕ್ಷ್ಮಮ್ಮ ಕೇಳಿದ್ದು ಚುಚ್ಚಲಿಕ್ಕಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನಾನು ಹಾಗೇ ದಾಟಿಸಿದೆ.

ರೂತ್ ಲೋಟ ಕೆಳಗಿಟ್ಟರು. ಇದ್ದಾರೆ, ಅಲ್ಲಿಯೂ ಹೋಗಿ ಕೆಲಸ ಮಾಡುತ್ತೇನೆ ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಅವರ ಊರಲ್ಲಿ ಭೂಕಂಪವಾಗಿತ್ತು. ನೆಲದಡಿಯಿಂದ ಕೆಸರು ಉಕ್ಕಿ ಬೀದಿಯೆಲ್ಲ ತುಂಬಿಕೊಂಡಿತ್ತು. ಮನೆ ವಾಲಿತ್ತು, ಒಳಗೆ ಕಾಲಿಡುವಂತಿರಲಿಲ್ಲ. ರೂತ್ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದರಂತೆ. ಆಗ ಎಲ್ಲಿಂದಲೋ ಒಂದಷ್ಟು ಹುಡುಗ ಹುಡುಗಿಯರು ಸಲಿಕೆ ಹಿಡಿದು ಬಂದರು. ದಿನವೆಲ್ಲ ಕೆಸರು ತೋಡಿ ಹಾಕಿದರು. ಸಂಜೆ ಹೊರಟುಹೋದರು.

"ಅವರ ಹೆಸರು ಕೇಳಬೇಕೆಂದು ಆಗ ಹೊಳೆಯಲೇ ಇಲ್ಲ. ಈಗ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಎಲ್ಲಿ ಕೈ ಬೇಕೋ ಅಲ್ಲಿಗೆ ಹೋಗುತ್ತೇನೆ" ಎಂದರು ರೂತ್.

ನಾನು ಹೇಳಿ ಮುಗಿಸಿದ ಮೇಲೆ ಮುನಿಲಕ್ಷ್ಮಮ್ಮ, "ಅಯ್ಯೋ, ಮನೆ ಕಳ್ಕೊಂಡೋಳು ಅನ್ನು" ಅಂದರು. ಮತ್ತೆ ಕೆಲಸಕ್ಕೆ ಏಳುವಾಗ ಕೈಚಾಚಿ ರೂತ್ ಅವರನ್ನು ಎಬ್ಬಿಸಿದರು. ಆಮೇಲಿನ ದಿನಗಳಲ್ಲಿ ಅವರಿಬ್ಬರಿಗೂ ನನ್ನ ಅಗತ್ಯ ಕಡಿಮೆಯಾಗುತ್ತ ಬಂತು. ಅವರು ಕನ್ನಡದಲ್ಲಿ, ಇವರು ಇಂಗ್ಲಿಷಿನಲ್ಲಿ, ಗೋಡೆಯ ಆಚೆ ಈಚೆ ನಿಂತು ಮಾತಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಯಾರಿಗೆ ಎಷ್ಟು ಅರ್ಥವಾಗುತ್ತಿತ್ತೋ ಕಾಣೆ, ನಗು ಮಾತ್ರ ಒಟ್ಟಿಗೇ ಬರುತ್ತಿತ್ತು.

ಮುನಿಲಕ್ಷ್ಮಮ್ಮನವರ ಗೋಡೆ ಮೇಲಿನವರೆಗೂ ಎದ್ದಿತು. ಅವರ ಸೈಟಿನಲ್ಲಿ ಮಣ್ಣು ಮೆತ್ತಗಿದ್ದುದರಿಂದ ಪಾಯ ಬೇಗ ಆಗಿತ್ತು. ಶಬಾನಾಳ ಸೈಟಿನಲ್ಲಿ ಅಗೆಯಲು ಹೋದರೆ ಬಂಡೆ ಸಿಕ್ಕಿ ಬಹಳ ದಿನ ಹಿಡಿದಿತ್ತು, ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತಷ್ಟೆ. ಇನ್ನು ಮೋಲ್ಡ್ ಹಾಕುವುದೊಂದು, ಅಂದರೆ ಮೇಲ್ಛಾವಣಿಯ ಕಾಂಕ್ರೀಟು. ಎರಡಕ್ಕೂ ಹಾಕಿ ಮುಗಿಸಿಯೇ ತಂಡ ಹೊರಡುವುದೆಂದು ಲೆಕ್ಕವಾಗಿತ್ತು.

ಆಗ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮ ಕಡೆ ಸೋನೆ ಹಿಡಿಯುವುದು ಹೊಸದಲ್ಲ, ಎರಡು ದಿನ ಸುರಿದು ಹೋಗುತ್ತದೆ ಅಂದುಕೊಂಡೆವು. ಅದು ಹೋಗಲಿಲ್ಲ. ಬಂಡೆಯ ಇಳಿಜಾರಿನ ನೀರೆಲ್ಲ ಶೀಟಿನ ಮನೆಗಳ ಕಡೆಗೇ ಹರಿಯಿತು. ಸಿಮೆಂಟು ಇಟ್ಟಿದ್ದ ಶೆಡ್ಡಿಗೆ ನೀರು ನುಗ್ಗಿ ಕೆಳಗಿನ ಸಾಲಿನ ಮೂಟೆಗಳೆಲ್ಲ ಕಲ್ಲಾದವು. ಚಿಕ್ಕಬಳ್ಳಾಪುರದ ಲಾಡ್ಜಿನಲ್ಲಿ ಇಳಿದುಕೊಂಡಿದ್ದ ತಂಡದವರು ಮಳೆಯಲ್ಲೇ ಬಂದು ಕಾಲುವೆ ತೋಡಿದರು. ನಾನು ಕೊಡೆ ಹಿಡಿದು ನಿಂತಿದ್ದವಳು ಅದನ್ನು ಬಿಸಾಕಿ ಗುದ್ದಲಿ ಹಿಡಿದೆ.

ಶಬಾನಾಳ ಶೆಡ್ಡಿನೊಳಗೆ ನೀರು ಹಿಮ್ಮಡಿ ಮುಳುಗುವಷ್ಟಿತ್ತು. ಅವಳು ಕಬ್ಬಿಣದ ಮಂಚದ ಮೇಲೆ, ಊದಿದ ಕಾಲುಗಳನ್ನು ಮಡಿಸಲೂ ಆಗದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಮುನಿಲಕ್ಷ್ಮಮ್ಮ ಬಿಂದಿಗೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಅವರ ಮನೆಯೊಳಗೂ ನೀರು ಬಂದಿದೆಯೆಂದು ಭವ್ಯ ಬಂದು ಕೂಗಿದಳು. "ಬರ್ಲಿ ಬಿಡು, ಅಲ್ಲಿ ಯಾರೂ ಮಲಗಿಲ್ಲವಲ್ಲ" ಅಂದರು, ತಲೆ ಎತ್ತದೆ.

ಮಳೆ ಬಿಟ್ಟ ಬೆಳಗ್ಗೆ ಸಂಸ್ಥೆಯ ಇಂಜಿನಿಯರು ಎಲ್ಲರನ್ನೂ ಸೇರಿಸಿದರು. ಉಳಿದಿರುವ ಸಿಮೆಂಟು ಒಂದೇ ಮೋಲ್ಡಿಗೆ ಸಾಕು, ಉಳಿದಿರುವ ದಿನಗಳೂ ಅಷ್ಟೇ. ಇನ್ನೊಂದು ಮನೆ ಮುಂದಿನ ವರ್ಷ. ಅವರು ಇದನ್ನು ಹೇಳುವಾಗ ಎಲ್ಲರ ಕಣ್ಣೂ ಮುನಿಲಕ್ಷ್ಮಮ್ಮನವರ ಮನೆಯ ಮೇಲಿತ್ತು. ಗೋಡೆ ನಿಂತಿದ್ದದ್ದು ಅದೊಂದೇ. ಕೇಳುವ ಮಾತೇ ಇರಲಿಲ್ಲ.

"ಸಾರ್, ನಮ್ದು ಇರ್ಲಿ ಬಿಡಿ" ಎಂದರು ಮುನಿಲಕ್ಷ್ಮಮ್ಮ. "ಶಬಾನಾದು ಹಾಕಿ."

"ಏನಮ್ಮಾ ಹಂಗಂದ್ರೆ? ನಿಮ್ದು ಗೋಡೆ ಎದ್ದಿದೆ. ಸೆಂಟ್ರಿಂಗ್ ಹಲಗೆ ಹೊಡೆದ್ರೆ ಮುಗೀತು. ಅವರದು ಇನ್ನೂ ಕಿಟಕಿ ದಾಟಿಲ್ಲ."

"ಗೋಡೆ ಎದ್ದಿರೋದಕ್ಕೇ ಹೇಳ್ತಿರೋದು ಸಾರ್. ನಾವು ಮೇಲೆ ಟಾರ್ಪಾಲ್ ಕಟ್ಕೊಂಡು ಇರ್ತೀವಿ. ಈ ಹುಡ್ಗಿಗೆ ದಿನ ತುಂಬ್ತಾ ಐತೆ. ಎಲ್ಲಿ ಮಗ್ಗುಲಾಗ್ಬೇಕು ಅವಳು?"

"ಬೇಡ ಅಕ್ಕ" ಎಂದಳು ಶಬಾನಾ. "ನಾನು ಅಮ್ಮೀ ಮನೆಗೆ ಹೋಗ್ತೀನಿ." ಅವಳ ತವರೂ ಇಂಥದೇ ಶೀಟಿನ ಮನೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಷ್ಟು ಹೊತ್ತು ಹಿಂದೆ ನಿಂತಿದ್ದ ಭವ್ಯ ಮುಂದೆ ಬಂದಳು. ಮುಖ ಕೆಂಪಾಗಿತ್ತು. "ನೀನು ಹೇಳ್ಬಿಟ್ರೆ ಆಯ್ತಾ? ನನ್ನ ಕೇಳಿದ್ಯಾ? ಮಾರ್ಚಲ್ಲಿ ಪರೀಕ್ಷೆ. ಪುಸ್ತಕ ಎಲ್ಲಾ ನೆಂದು ಮುದ್ದೆ ಆಗಿದಾವೆ. ನಾನೆಲ್ಲಿ ಕೂತ್ಕೊಂಡು ಓದ್ಲಿ?"

ಅವಳು ಕೇಳಿದ್ದು ನ್ಯಾಯವಾಗಿತ್ತು. ಮುನಿಲಕ್ಷ್ಮಮ್ಮ ಮಗಳ ಹತ್ತಿರ ಹೋದರು. ಅವರ ದನಿ ಏರಲೂ ಇಲ್ಲ, ನಡುಗಲೂ ಇಲ್ಲ.

"ನಿನಗಿಂತ ಮುಂಚೆ ಒಬ್ಬ ಗಂಡುಮಗ ಹುಟ್ಟಿದ್ದ ಕಣಮ್ಮ. ಇಂಥದೇ ಮಳೇಲಿ, ಇಂಥದೇ ಶೀಟಿನ ಕೆಳಗೆ. ನೆಲ ಎಲ್ಲ ಹಸಿ. ಎಷ್ಟು ಬಟ್ಟೆ ಸುತ್ತಿದ್ರೂ ಮೈ ಬೆಚ್ಚಗಾಗ್ಲಿಲ್ಲ ಅದುಕ್ಕೆ. ಒಂದು ವಾರಾನೂ ಇರ್ಲಿಲ್ಲ. ನಿಂಗೆ ಯಾವತ್ತೂ ಹೇಳಿರ್ಲಿಲ್ಲ."

ಭವ್ಯ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಕೆರೆಯ ಕಡೆ ನಡೆದುಹೋದಳು.

ಏನಾಯಿತು ಎಂದು ತಂಡದವರು ನನ್ನನ್ನು ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ರೂತ್ ಕಣ್ಣು ಒರೆಸಿಕೊಳ್ಳಲಿಲ್ಲ, ಮುನಿಲಕ್ಷ್ಮಮ್ಮನವರನ್ನು ತಬ್ಬಿಕೊಳ್ಳಲೂ ಇಲ್ಲ. ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ನೇರ ಅವರ ಮುಂದೆ ನಿಂತು, "ಮುಂದಿನ ವರ್ಷ ನಾನು ಬರುತ್ತೇನೆ. ನಿನ್ನ ಮನೆಯ ಕೆಲಸಕ್ಕೆ ಬರುತ್ತೇನೆ" ಎಂದರು.

ನಾನು ಹೇಳಿದೆ.

"ಬರ್ಲಿ. ಬಂದ್ರೆ ಸಂತೋಷ" ಎಂದರು ಮುನಿಲಕ್ಷ್ಮಮ್ಮ. "ಬರಕ್ಕಾಗ್ದಿದ್ರೆ ಬೇಜಾರು ಮಾಡ್ಕೋಬೇಡ ಅಂತಾನೂ ಹೇಳು. ಸಮುದ್ರ ದಾಟ್ಕೊಂಡು ಬರ್ಬೇಕಲ್ಲ, ಪಾಪ."

ಅಲ್ಲಿಂದ ಮುಂದಿನ ಕೆಲಸವನ್ನು ಕೆಲಸ ಎನ್ನಬೇಕೋ ಬೇರೇನೋ ಅನ್ನಬೇಕೋ ತಿಳಿಯದು. ಇಂಜಿನಿಯರು ಒಪ್ಪಿದ ಮೇಲೆ ಆಂಜಿನಪ್ಪ, ಶಬಾನಾಳ ಗೋಡೆ ಎಬ್ಬಿಸಲು, ತಮ್ಮ ಜೊತೆಯ ಇನ್ನಿಬ್ಬರು ಮೇಸ್ತ್ರಿಗಳನ್ನು ಕರೆತಂದರು. ಮುನಿಲಕ್ಷ್ಮಮ್ಮ ಫಿಲೇಚರ್‌ಗೆ ರಜೆ ಹಾಕಿ, ತಮ್ಮ ಮನೆಯ ಮೋಲ್ಡಿಗೆಂದು ಜೋಡಿಸಿದ್ದ ಹಲಗೆ, ಗೂಟಗಳನ್ನು ತಾವೇ ಎತ್ತಿ ಪಕ್ಕದ ಸೈಟಿಗೆ ಸಾಗಿಸಿದರು. ಮಾರನೇ ದಿನ ಭವ್ಯಾನೂ ಬಂದಳು. ಅಮ್ಮನ ಜೊತೆ ಮಾತಾಡದೆ, ನೇರ ಬಂದು ಬ್ಲಾಕು ಹೊರುವ ಸಾಲಿನಲ್ಲಿ ರೂತ್ ಪಕ್ಕ ನಿಂತಳು. ರೂತ್ ಅವಳಿಗೆ ತಮ್ಮ ಕೈಗವಸು ಬಿಚ್ಚಿ ಕೊಟ್ಟರು.

ಮೋಲ್ಡ್ ಹಾಕುವ ದಿನ ಆಕಾಶ ತೊಳೆದಿಟ್ಟಂತಿತ್ತು. ಕಾಂಕ್ರೀಟು ಕಲಸುವ ಮಿಲ್ಲರ್ ಬೆಳಗ್ಗೆಯೇ ಗಡಗಡ ಶುರುವಾಯಿತು. ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತರು. ನ್ಯೂಜಿಲೆಂಡಿನ ಹುಡುಗರು, ಫಿಲೇಚರ್ ಹೆಂಗಸರು, ಶಬಾನಾಳ ಗಂಡನ ಆಟೋ ಸ್ಟ್ಯಾಂಡಿನ ಗೆಳೆಯರು. ಒಮ್ಮೆ ಶುರುಮಾಡಿದರೆ ಮಧ್ಯೆ ನಿಲ್ಲಿಸುವಂತಿಲ್ಲ. ಬಾಂಡ್ಲಿ ಕೈಯಿಂದ ಕೈಗೆ ಹಾರುತ್ತಿತ್ತು. ಅದನ್ನು ಸೊಂಟಕ್ಕೆ ಆನಿಸದೆ ಮೈ ತಿರುಗಿಸಿ ದಾಟಿಸುವುದನ್ನು ರೂತ್ ಎಲ್ಲರಿಗೂ ತೋರಿಸಿಕೊಟ್ಟರು. ನನ್ನ ಎಡಕ್ಕೆ ಮುನಿಲಕ್ಷ್ಮಮ್ಮ, ಬಲಕ್ಕೆ ರೂತ್. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳುಗಳು ನನ್ನವು ಅನ್ನಿಸುತ್ತಿರಲಿಲ್ಲ. ಆದರೂ ಆ ಇಬ್ಬರ ನಡುವೆ ನಿಂತು ಬಾಂಡ್ಲಿ ಕೆಳಗಿಡಲು ಮನಸ್ಸು ಬರಲಿಲ್ಲ. ಸಂಜೆ ಕೋಳಿ ಸಾರು, ಮುದ್ದೆ. ಮೋಲ್ಡಿನ ದಿನ ಮನೆಯವರು ಊಟ ಹಾಕುವುದು ನಮ್ಮ ಕಡೆಯ ಪದ್ಧತಿ. ಶಬಾನಾ ಕಟ್ಟೆಯ ಮೇಲೆ ಕೂತೇ ಮಸಾಲೆ ಅರೆಸಿ ಮಾಡಿಸಿದ್ದಳು.

ಎರಡು ದಿನ ಕಳೆದು ತಂಡ ಹೊರಟಿತು. ವ್ಯಾನು ಹತ್ತುವ ಮುಂಚೆ ರೂತ್ ಮತ್ತೆ ಏನೂ ಮಾತು ಕೊಡಲಿಲ್ಲ. ಮುನಿಲಕ್ಷ್ಮಮ್ಮನೂ ಕೇಳಲಿಲ್ಲ. ಸ್ಟೀರಿಂಗ್ ತಿರುಗಿಸಿ ತೋರಿಸಿ ಕಳಿಸಿಕೊಟ್ಟರು.

ಗೂಟ ಬಿಚ್ಚಿ, ನೆಲಕ್ಕೆ ಮಣ್ಣು ಬಡಿದ ಮೇಲೆ ಶಬಾನಾಗೆ ಹೆಣ್ಣುಮಗು ಆಯಿತು. ಆಸ್ಪತ್ರೆಯಿಂದ ಮಗುವನ್ನು ತಂದದ್ದು ಆ ಮನೆಗೇ. ಬಾಗಿಲಿಗೆ ಇನ್ನೂ ಕದ ಇರಲಿಲ್ಲ, ಕಂಬಳಿ ತೂಗುಹಾಕಿದ್ದರು. ನಾನು ನೋಡಲು ಹೋದಾಗ ಹೊರಗೆ ಚಳಿ ಗಾಳಿ ಬೀಸುತ್ತಿತ್ತು. ಒಳಗೆ ಒಣ ನೆಲದ ಮೇಲೆ ಚಾಪೆ ಹಾಸಿ, ಮುನಿಲಕ್ಷ್ಮಮ್ಮ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು. "ಮುಟ್ಟಿ ನೋಡಮ್ಮ, ಮೈ ಹೆಂಗೆ ಬೆಚ್ಚಗೈತೆ" ಅಂದರು. ಮುಟ್ಟಿದೆ. ಬೆಚ್ಚಗಿತ್ತು.

ಶಬಾನಾ ಸುಮ್ಮನಿರಲಿಲ್ಲ. ಟಾರ್ಪಾಲಿನ ಕೆಳಗೆ ಸೆಕೆಗೆ ಬೆವರುತ್ತ ಓದುತ್ತಿದ್ದ ಭವ್ಯಳನ್ನು ಕೈಹಿಡಿದು ಎಳೆದು ತಂದು, ತಮ್ಮ ಮನೆಯ ಬಲ್ಬಿನ ಕೆಳಗೆ ಕೂರಿಸಿದಳು. "ಮಗು ಅತ್ರೆ ಬೈಕೋಬೇಡ, ಓದು" ಅಂದಳು. ಭವ್ಯ ಒಂದು ಕಾಲಿನಲ್ಲಿ ಜೋಲಿ ತೂಗುತ್ತ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅಮ್ಮನ ಜೊತೆ ಅದಕ್ಕೂ ಎಷ್ಟೋ ಮುಂಚೆಯೇ ಮಾತು ಶುರುವಾಗಿತ್ತು. ಯಾವತ್ತು, ಹೇಗೆ ಎಂದು ನನಗೆ ತಿಳಿಯದು. ಕೇಳಲಿಲ್ಲ.

ಆ ಬೇಸಿಗೆಯಲ್ಲೇ ನನಗೆ ಕೆಲಸವಾಯಿತು, ಗೌರಿಬಿದನೂರಿನ ಕಡೆ, ಅಲೀಪುರಕ್ಕೆ ಹತ್ತಿರದ ಹೈಸ್ಕೂಲು. ರಜೆ ಸಿಕ್ಕಾಗ ಊರಿಗೆ ಹೋಗುವ ದಾರಿಯಲ್ಲಿ ಶಿಡ್ಲಘಟ್ಟದಲ್ಲಿ ಇಳಿದು ಬರುತ್ತಿದ್ದೆ. ಹೋದಾಗಲೆಲ್ಲ ಆ ಟಾರ್ಪಾಲು ನೋಡಿ ಸಂಕಟವಾಗುತ್ತಿತ್ತು. ಬೇಸಿಗೆಗೆ ಸುಡುತ್ತಿತ್ತು, ಮುಂಗಾರಿಗೆ ಸೋರುತ್ತಿತ್ತು. ಮುನಿಲಕ್ಷ್ಮಮ್ಮ ಅದರ ಬಗ್ಗೆ ಒಂದು ಮಾತು ಆಡಿದ್ದು ಕೇಳಲಿಲ್ಲ. ರೂತ್‌ಗೆ ಮೇಲ್ ಬರೆಯುತ್ತಿದ್ದೆ. ಗಣೇಶನ ಹಬ್ಬದ ಹೊತ್ತಿಗೆ ಬಂದ ಉತ್ತರದಲ್ಲಿ ಎರಡು ಕೆಟ್ಟ ಸುದ್ದಿ ಇದ್ದವು. ಈ ವರ್ಷ ಸಾಕಷ್ಟು ಜನ ಸೇರದೆ ತಂಡ ರದ್ದಾಗಿದೆ. ತಮಗೆ ಮೊಣಕಾಲಿನ ಆಪರೇಷನ್ ಆಗಿದೆ. ಆದರೂ ಬರುತ್ತೇನೆ, ಯಾವಾಗ ಎಂದು ಈಗ ಹೇಳಲಾರೆ.

ಸಂಸ್ಥೆಯವರು ಕೊಟ್ಟ ಮಾತಿನಂತೆ ಲಾರಿ ಕಳಿಸಿದರು. ಸಿಮೆಂಟು, ಕಂಬಿ ಬಂದಿಳಿಯಿತು. ಕೆಲಸ ಮಾಡುವ ತಂಡ ಮಾತ್ರ ಇಲ್ಲ.

"ಸಿಮೆಂಟು ಕಾಯಲ್ಲಮ್ಮ" ಎಂದರು ಆಂಜಿನಪ್ಪ. "ಹೋದ್ ಸಲ ಕಲ್ಲಾಗಿದ್ದು ನೋಡಿದ್ದೀಯಲ್ಲ. ಇನ್ನೊಂದು ಮಳೆ ಬರೋದ್ರೊಳಗೆ ಹಾಕ್ಬಿಡಬೇಕು. ನಾವೇ ಹಾಕಣ."

ಫಿಲೇಚರ್‌ಗೆ ರಜೆಯಿದ್ದ ದಿನ ನೋಡಿ ಹಾಕಿದರು. ನಾನೂ ಮೊದಲ ಬಸ್ಸಿಗೇ ಹೋದೆ. ಹೋದ ವರ್ಷ ಹೊರದೇಶದವರು ನಿಂತಿದ್ದ ಸಾಲಿನಲ್ಲಿ ಅವತ್ತು ಪೂರ್ತಿ ಅಲ್ಲಿಯ ಹೆಂಗಸರೇ ನಿಂತಿದ್ದರು. ಬಾಂಡ್ಲಿಯನ್ನು ಸೊಂಟಕ್ಕೆ ಆನಿಸದೆ, ಮೈ ತಿರುಗಿಸಿ ದಾಟಿಸುವುದನ್ನು ರೂತ್ ತೋರಿಸಿಕೊಟ್ಟಿದ್ದರಲ್ಲ, ಅದೇ ರೀತಿ ದಾಟಿಸುತ್ತಿದ್ದರು. ಸಾಲಿನ ಮೊದಲಲ್ಲಿ, ಮಿಲ್ಲರ್ ಪಕ್ಕದಲ್ಲಿ, ಶಬಾನಾ. ಮಗು ಅವಳ ಮನೆಯೊಳಗೆ ಜೋಲಿಯಲ್ಲಿ ಮಲಗಿತ್ತು. ಸ್ವಲ್ಪ ಕೂರು ಅಂದರೆ, "ನಂದು ಹಾಕಿದಾಗ ಕೂತಿದ್ದೆ ಮೇಡಂ, ಇವತ್ತು ಕೂರಲ್ಲ" ಅಂದಳು. ಸಂಜೆ ಕೊನೆಯ ಬಾಂಡ್ಲಿ ಮೇಲೆ ಹೋದಾಗ ಮುನಿಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತದ್ದನ್ನು ನೋಡಿದೆ. ಆ ಎರಡು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಸಂಕ್ರಾಂತಿ ಕಳೆದ ಮೇಲೆ, ಅವರೆಕಾಯಿ ಇನ್ನೂ ಸಂತೆಯಲ್ಲಿ ರಾಶಿ ಬೀಳುತ್ತಿದ್ದ ದಿನಗಳಲ್ಲಿ, ರೂತ್ ಬಂದರು. ತಂಡವಿಲ್ಲ, ಇಂಜಿನಿಯರಿಲ್ಲ. ಒಬ್ಬರೇ, ಒಂದು ಬ್ಯಾಗು, ಒಂದು ಊರುಗೋಲು. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಅವರನ್ನು ಕಂಡಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಮೋಲ್ಡ್ ಆಗಿದೆ ಎಂದು ಬರೆದಿದ್ದೆ. ಆಮೇಲೆ ಏನೇನು ಆಗಿದೆಯೋ ನನಗೂ ಗೊತ್ತಿರಲಿಲ್ಲ, ಶಾಲೆಯ ಕೆಲಸದಲ್ಲಿ ಹೋಗಲಾಗಿರಲಿಲ್ಲ. ಕೆಲಸಕ್ಕೆಂದು ಸಮುದ್ರ ದಾಟಿ ಬಂದವರಿಗೆ ಅಲ್ಲಿ ಕೆಲಸವೇ ಇಲ್ಲದಿದ್ದರೆ?

ಹೋಗಿ ನೋಡಿದರೆ ಮನೆ ಮುಗಿದೇ ಇತ್ತು. ಹೊರಗೆ ಹಳದಿ ಬಣ್ಣ, ಬಾಗಿಲಿಗೆ ಹಸಿರು. ಮುಂದೆ ರಂಗೋಲಿ. ರೂತ್ ಊರುಗೋಲಿನ ಮೇಲೆ ಭಾರ ಹಾಕಿ ನಿಂತು, ಮೇಲಿಂದ ಕೆಳಗೆ ನೋಡಿದರು. "ಎಷ್ಟು ಚೆನ್ನಾಗಿದೆ" ಎಂದರು. ಮುಖ ಅರಳಿತ್ತು, ಆದರೆ ಕೈಗೆ ಏನು ಮಾಡಬೇಕೋ ತಿಳಿಯದೆ ಬ್ಯಾಗಿನ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದರು.

ಮುನಿಲಕ್ಷ್ಮಮ್ಮ ಒಳಗಿನಿಂದ ಓಡಿ ಬಂದರು. ಸ್ಟೀರಿಂಗ್ ತಿರುಗಿಸುವುದೆಲ್ಲ ಮರೆತು, "ಬಂದ್ಯಾ ತಾಯಿ" ಎಂದು ಎರಡೂ ಕೈ ಹಿಡಿದರು. ಹಿಡಿದ ಕೈ ಬಿಡದೆ ಒಳಗೆ ಕರೆದುಕೊಂಡು ಹೋದರು. ನಾನು ಹಿಂದೆ ಹೋದೆ.

ಒಳಗೆ ಮೂರು ಗೋಡೆಗೆ ನುಣುಪಾಗಿ ಗಾರೆ ಮಾಡಿ, ತಿಳಿನೀಲಿ ಬಳಿದಿತ್ತು. ನಾಲ್ಕನೆಯದು, ಬಾಗಿಲಿನಿಂದ ಬಂದರೆ ಎದುರಿಗೇ ಕಾಣುವ ಗೋಡೆ, ಗಾರೆಯಿಲ್ಲದೆ ಬೂದು ಬಣ್ಣದ ಬ್ಲಾಕುಗಳು ಹಾಗೇ ಕಾಣುತ್ತಿದ್ದವು.

"ಇದು ನಿಂದು" ಎಂದರು ಮುನಿಲಕ್ಷ್ಮಮ್ಮ, ಗೋಡೆಗೆ ಕೈಯಿಟ್ಟು. ಅದನ್ನು ನಾನು ದಾಟಿಸಬೇಕಾಗಲೇ ಇಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಬಂದಿದ್ದ ಆಂಜಿನಪ್ಪ ಹಿಂದಿನಿಂದ ದೂರು ಹೇಳಿದರು. "ಎಷ್ಟು ಹೇಳಿದ್ರೂ ಕೇಳಲಿಲ್ಲ ನೋಡಮ್ಮ. ಒಂದೇ ದಿನದ ಕೆಲಸ, ಮುಗಿಸ್ಬಿಡ್ತೀನಿ ಅಂದ್ರೆ ಬೇಡ ಅಂದ್ರೆ ಬೇಡ ಅಂತಾಳೆ. ಕೈ ಇಡಕ್ಕೇ ಬಿಡಲಿಲ್ಲ."

"ಬರ್ತೀನಿ ಅಂದವಳೆ. ಬಂದು ಸುಮ್ನೆ ಕೂತ್ಕೊಂಡು ಏನು ಮಾಡ್ಬೇಕು ಆಯಮ್ಮ?" ಎಂದರು ಮುನಿಲಕ್ಷ್ಮಮ್ಮ.

ಇದನ್ನು ನಾನು ರೂತ್‌ಗೆ ಹೇಳಿದೆ. ಅವರು ಬಹಳ ಹೊತ್ತು ಗೋಡೆಯನ್ನೇ ನೋಡಿದರು. ಆಮೇಲೆ ಕೇಳಿದರು: ನಾನು ಬರದೇ ಹೋಗಿದ್ದರೆ?

"ಬರ್ದಿದ್ರೆ ಹಂಗೇ ಇರ್ತಿತ್ತು" ಎಂದರು ಮುನಿಲಕ್ಷ್ಮಮ್ಮ. "ಒಂದು ಗೋಡೆ ಹಂಗಿದ್ರೆ ಮನೆಗೇನಾಗುತ್ತೆ?"

ಮಾರನೇ ದಿನ ಆಂಜಿನಪ್ಪ ಗಾರೆ ಕಲಸಿಕೊಟ್ಟರು. ರೂತ್ ಊರುಗೋಲನ್ನು ಮೂಲೆಗೆ ಒರಗಿಸಿ, ಒಂದು ಸ್ಟೂಲಿನ ಮೇಲೆ ಕೂತು, ಕೈ ಎಟಕುವಷ್ಟನ್ನು ಕೂತೇ ಮಾಡಿ, ಮೇಲಿನದನ್ನು ಎದ್ದು ನಿಂತು ಮಾಡಿದರು. ಇಟ್ಟಿಗೆ, ಬ್ಲಾಕು ಹೊತ್ತದ್ದುಂಟೇ ಹೊರತು ಗಾರೆ ಮೆತ್ತಿದ ಅನುಭವ ಅವರಿಗಿರಲಿಲ್ಲ. ಕರಣೆಯಿಂದ ಹಾಕಿದ್ದರಲ್ಲಿ ಅರ್ಧ ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದನ್ನು ಭವ್ಯ ಬಾಚಿ ಮತ್ತೆ ಬಾಂಡ್ಲಿಗೆ ಹಾಕುತ್ತಿದ್ದಳು. ಶಬಾನಾಳ ಮಗು ಆಗ ಅಂಬೆಗಾಲಿಡುತ್ತಿತ್ತು, ಗಾರೆಯ ಕಡೆ ಹೋಗದಂತೆ ಅದನ್ನು ಹಿಡಿದುಕೊಳ್ಳುವುದೇ ನನ್ನ ಕೆಲಸವಾಯಿತು. ಮುನಿಲಕ್ಷ್ಮಮ್ಮ ಅವತ್ತು ಯಾವ ಕೆಲಸವನ್ನೂ ಮಾಡಲಿಲ್ಲ. ತಮ್ಮ ಮನೆಯ ಹೊಸಿಲ ಮೇಲೆ ಕೂತು ನೋಡುತ್ತಿದ್ದರು.

ಮುಗಿಯುವಾಗ ಹೊತ್ತು ಇಳಿದಿತ್ತು. ಗೋಡೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ತಗ್ಗಿ, ಗಾಳಿಗೆ ಅಲೆಯೆದ್ದ ಕೆರೆಯ ನೀರಿನಂತೆ ಕಾಣುತ್ತಿತ್ತು. ರೂತ್ ಹಿಂದೆ ಸರಿದು ನೋಡಿ, ತಲೆ ಕೆರೆದುಕೊಂಡು ನಕ್ಕರು. ಆಂಜಿನಪ್ಪ ಹಸಿಯಿರುವಾಗಲೇ ಸಮ ಮಾಡಿಬಿಡೋಣವೆಂದು ಮಟ್ಟಗೋಲು ಹಿಡಿದು ಎದ್ದರು.

ಹೊಸಿಲ ಮೇಲಿಂದ ಮುನಿಲಕ್ಷ್ಮಮ್ಮ ಕೂಗಿದರು.

"ಮೇಸ್ತ್ರಿ, ಅದನ್ನ ಮುಟ್ಬೇಡ."